ಸದ್ದಡಗಿದರೆ ಸಾಲದು
ಹಳೆಯ ಕಾರಿನ ಹೊಗೆಕೊಳವೆ ನಮಗೆ ಕಲಿಸಿದ ಪಾಠ

ಕಲಬುರಗಿ ಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿ ಬೆಳೆದವರಿಗೆ ಅಡುಗೆಮನೆಯ ಮೇಲಿದ್ದ ಬೆಳಕಿಂಡಿಯ ನೆನಪು ಇದ್ದೇ ಇರುತ್ತದೆ. ಬೆಳಕು ಒಳಗೆ ಬರಲು, ಹೊಗೆ ಹೊರಗೆ ಹೋಗಲು ಅದೊಂದೇ ದಾರಿ. ಮಳೆಗೆಂದು ಮುಚ್ಚಿದ ತಗಡನ್ನು ಸರಿಸದೆ ನಮ್ಮ ತಾಯಿಯವರು ಒಲೆ ಹೊತ್ತಿಸಿದ್ದನ್ನು ನಾವು ಎಂದೂ ಕಂಡಿಲ್ಲ. ಬೆಂಕಿ ಹಚ್ಚುವ ಮೊದಲು ಹೊಗೆಗೆ ದಾರಿ ಮಾಡಬೇಕೆಂಬುದು ಅವರಿಗೆ ಯಾರೂ ಓದಿಸದ ಶಾಸ್ತ್ರವಾಗಿತ್ತು. ಆ ತಾಯಿಯ ಮಗನಾಗಿ ಹುಟ್ಟಿ, ಮಠದ ಪಾಠಶಾಲೆಯಲ್ಲಿ ಹಲವು ಶಾಸ್ತ್ರಗಳನ್ನು ಓದಿ, ಅರವತ್ತು ದಾಟಿದ ನಾವು, ಗಾಲಿಗಳ ಮೇಲೆ ಓಡುವ ಒಲೆಯೊಂದರಲ್ಲಿ ಮೊಮ್ಮಗಳನ್ನು ಕೂರಿಸಿಕೊಂಡು ತಿಂಗಳುಗಟ್ಟಲೆ ತಿರುಗಿದೆವು. ಅದರ ಹೊಗೆ ಎತ್ತ ಹೋಗುತ್ತಿದೆಯೆಂದು ಒಮ್ಮೆಯೂ ಬಗ್ಗಿ ನೋಡಲಿಲ್ಲ. ಆ ಅಲಕ್ಷ್ಯವನ್ನು ಬಂಧುಗಳೆದುರು ಒಪ್ಪಿಕೊಳ್ಳುವುದು ಮತ್ತು ಅದೇ ತಪ್ಪು ಇನ್ನೊಂದು ಮನೆಯಲ್ಲಿ ಆಗದಂತೆ ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ.

ನಮ್ಮ ವಾಹನ

ನಮ್ಮದು 2006ರ ಮಾರುತಿ 800. ಈ ಕಾರಿನ ಪರಿಚಯವನ್ನು ನಮ್ಮ ಓದುಗರಿಗೆ ವಿಸ್ತರಿಸಿ ಹೇಳಬೇಕಾಗಿಲ್ಲ. 1983ರ ಡಿಸೆಂಬರ್ 14ರಂದು ಅಂದಿನ ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಕಾರಿನ ಕೀಲಿಕೈಯನ್ನು ಗ್ರಾಹಕರ ಕೈಗಿತ್ತ ದಿನದಿಂದ, 2014ರ ಜನವರಿಯಲ್ಲಿ ಅದರ ತಯಾರಿಕೆ ನಿಂತ ದಿನದವರೆಗೆ, ಮೂರು ದಶಕಗಳ ಕಾಲ ಸಾಮಾನ್ಯ ಸಂಸಾರಸ್ಥರ ಕೈಗೆಟುಕಿದ ವಾಹನವದು. ಮೂರು ಸಿಲಿಂಡರುಗಳ, 796 ಸಿಸಿಯ ಪುಟ್ಟ ಎಂಜಿನ್. ತಯಾರಿಕೆ ನಿಂತು ಹತ್ತು ವರ್ಷಗಳಾದರೂ ನಮ್ಮ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳಲ್ಲಿ ಇಂದಿಗೂ ಅದು ಅಂಗಳದ ಬೇವಿನ ನೆರಳಲ್ಲಿ ನಿಂತಿರುವುದನ್ನು ಕಾಣಬಹುದು.

ಕಡಗಂಚಿಯಲ್ಲಿ ನಮ್ಮ ವಾಸ. ಕಲಬುರಗಿಯಿಂದ ಆಳಂದಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಈ ಊರು, 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ನೆಲೆಯಾದ ಮೇಲೆ ನಾಡಿನಾಚೆಗೂ ಹೆಸರಾಗಿದೆ. ನಮ್ಮ ಕಾರಿನ ಓಡಾಟವೋ ತೀರ ಅಲ್ಪ. ವಾರದ ದಿನಗಳಲ್ಲಿ ಮನೆಯಿಂದ ಹೊಲಕ್ಕೆ, ಹೊಲದಿಂದ ವಿಶ್ವವಿದ್ಯಾಲಯದ ಕಡೆಗೆ ಒಂದೆರಡು ಕಿಲೋಮೀಟರು. ಭಾನುವಾರ ಮಾತ್ರ ಮೊಮ್ಮಗಳ ಸಂಗೀತ ಪಾಠಕ್ಕೆ ಕಲಬುರಗಿಯವರೆಗೆ. ಕಡಿಮೆ ಓಡಿದ ವಾಹನ ಕಡಿಮೆ ಸವೆಯುತ್ತದೆಂಬುದು ನಮ್ಮ ತಿಳಿವಳಿಕೆಯಾಗಿತ್ತು. ಹೊಗೆಕೊಳವೆಯ ಮಟ್ಟಿಗೆ ಇದು ತಲೆಕೆಳಗಾದ ತಿಳಿವಳಿಕೆಯೆಂಬುದು ಆಮೇಲೆ ಗೊತ್ತಾಯಿತು.

ತೇಪೆಯ ಮೇಲೆ ತೇಪೆ

2024ರ ಯುಗಾದಿಯ ಹೊತ್ತಿಗೆ ಕಾರು ಗುಡುಗಲಾರಂಭಿಸಿತು. ಓಣಿಯ ಹುಡುಗರು, 'ಮುತ್ಯಾನ ಟ್ರ್ಯಾಕ್ಟರ್ ಬಂತು' ಎಂದು ನಗುತ್ತಿದ್ದರು. ಸೈಲೆನ್ಸರಿನ ತಳದಲ್ಲಿ ಹೆಬ್ಬೆಟ್ಟಿನಗಲ ತೂತು ಬಿದ್ದಿತ್ತು. ಹತ್ತಿರದ ವೆಲ್ಡಿಂಗ್ ಅಂಗಡಿಯೊಂದರಲ್ಲಿ ತಗಡಿನ ತುಂಡೊಂದನ್ನು ಬೆಸೆಸಿದೆವು. ಎರಡು ತಿಂಗಳು ಕಳೆಯುವಷ್ಟರಲ್ಲಿ ತೇಪೆಯ ಪಕ್ಕದಲ್ಲೇ ಇನ್ನೊಂದು ತೂತು ಬಿತ್ತು. ಅದಕ್ಕೂ ಒಂದು ತೇಪೆ ಬಿತ್ತು. ಸದ್ದು ಅಡಗಿತು. ಸದ್ದಿನೊಡನೆ ಕೇಡೂ ಅಡಗಿತೆಂದು ನಾವು ನಂಬಿದೆವು.

ಶ್ರಾವಣದ ಜಿಟಿಜಿಟಿ ಮಳೆ ಹಿಡಿಯಿತು. ಭಾನುವಾರ ಕಾರಿನ ಗಾಜುಗಳನ್ನೇರಿಸಿ ಕಲಬುರಗಿಗೆ ಹೊರಟರೆ, ಹಿಂದಿನ ಆಸನದಲ್ಲಿ ಕುಳಿತ ಒಂಬತ್ತು ವರ್ಷದ ಮೊಮ್ಮಗಳು ಅರ್ಧ ದಾರಿಯಲ್ಲೇ ತಲೆ ನೋಯುತ್ತದೆನ್ನುವಳು. ಊರು ಮುಟ್ಟುವ ಮೊದಲು ಒಮ್ಮೆ ವಾಂತಿಯಾಗುವುದು. ಪಿತ್ತವೆಂದು ತಿಳಿದು ಮೂಗಿಗೆ ಲಿಂಬೆಹಣ್ಣು ಹಿಡಿಸಿದೆವು. ಬೆಳಗಿನ ಸುಸಲಾ ಅರಗಿಲ್ಲವೆಂದು ಬರಿಹೊಟ್ಟೆಯಲ್ಲಿ ಕರೆದೊಯ್ದೆವು. ಒಮ್ಮೆ ಅವಳ ಪಕ್ಕದಲ್ಲಿ ಕುಳಿತಿದ್ದ ನಮ್ಮ ಮನೆಯವರಿಗೂ ತಲೆ ಸುತ್ತಿ ಬಂತು. ವಯಸ್ಸಾಯಿತೆಂದು ಅವರೂ ಸುಮ್ಮನಾದರು. ಕಾರು ನಡೆಸುತ್ತಿದ್ದ ನಮಗೆ ಏನೂ ಆಗುತ್ತಿರಲಿಲ್ಲ. ಗಾಜಿನ ಮೇಲೆ ಆವಿ ಕೂರದಿರಲೆಂದು ನಮ್ಮ ಪಕ್ಕದ ಕಿಟಕಿಯನ್ನು ನಾಲ್ಕು ಬೆರಳು ಇಳಿಸಿರುತ್ತಿದ್ದೆವು.

ನಾಲ್ಕನೆಯ ಭಾನುವಾರ ಮಗು, "ಮುತ್ಯಾ, ನಾ ಇವತ್ತ ಬಸ್ಸಿನ್ಯಾಗ ಬರ್ತೀನಿ" ಎಂದಳು. ಪಾಠ ತಪ್ಪಿಸುವ ನೆವವೆಂದು ತಿಳಿದು ನಾವು ಗದರಿಸಿದೆವು. ವಿದ್ಯೆಯ ಬೆಲೆ, ಆಲಸ್ಯದ ಕೇಡು ಎಂದು ದೊಡ್ಡದೊಂದು ಉಪನ್ಯಾಸವನ್ನೇ ಕೊಟ್ಟೆವು. ಅವಳು ಮರುಮಾತಾಡದೆ ಬಂದು ಹಿಂದೆ ಕುಳಿತಳು. ಆ ದಿನದ ನೆನಪು ಇಂದಿಗೂ ನಮ್ಮನ್ನು ಚುಚ್ಚುತ್ತದೆ.

ಮಿಸ್ತ್ರಿಯ ಮೂರು ಪ್ರಶ್ನೆಗಳು

ಅದೇ ದಿನ ಎಂಜಿನ್ ಆಯಿಲ್ ಬದಲಿಸಲೆಂದು ಕಲಬುರಗಿಯ ಗ್ಯಾರೇಜೊಂದಕ್ಕೆ ಹೋದೆವು. ಕಾದು ಕುಳಿತ ವೇಳೆಯಲ್ಲಿ ಮಗುವಿನ ಅಸ್ವಸ್ಥತೆಯ ಮಾತು ತಾನಾಗಿ ಬಂತು. ಮಿಸ್ತ್ರಿ ಕೈಯಲ್ಲಿದ್ದ ಪಾನಾ ಕೆಳಗಿಟ್ಟು ಕೇಳಿದರು:

"ಕೂಸು ಎಲ್ಲಿ ಕೂಡ್ತದರಿ, ಮುಂದೋ ಹಿಂದೋ?"

ಹಿಂದೆ, ಎಂದೆವು.

"ಗ್ಲಾಸ್ ಏರಿಸಿರ್ತೀರೇನು?"

ಮಳೆಗಾಲವಲ್ಲವೇ, ಏರಿಸಿರುತ್ತೇವೆ, ಎಂದೆವು.

"ಗಾಡಿಂದ ಇಳದ ಮ್ಯಾಲ ಆರಾಮ ಆಗ್ತದೇನ್ರಿ?"

ಹೌದು, ಬಯಲಿಗೆ ಬಂದು ಅರ್ಧ ಗಂಟೆಯಲ್ಲಿ ಮಗು ಮೊದಲಿನಂತಾಗುತ್ತಿತ್ತು. ಅದನ್ನು ನಾವು ಪ್ರಯಾಣ ಮುಗಿದ ಸಮಾಧಾನವೆಂದೇ ಎಣಿಸಿದ್ದೆವು.

ಮಿಸ್ತ್ರಿ ಮತ್ತೇನೂ ಕೇಳಲಿಲ್ಲ. ಕಾರನ್ನು ಮೇಲೆತ್ತಿಸಿ, ಬ್ಯಾಟರಿ ದೀಪವನ್ನೂ ಕೈಗನ್ನಡಿಯನ್ನೂ ಹಿಡಿದು ಒಳಗೆ ತೂರಿದರು. ಕನ್ನಡಿಯನ್ನು ಸೈಲೆನ್ಸರಿನ ಮೇಲ್ಮೈಗೆ, ಅಂದರೆ ಕಾರಿನ ನೆಲಕ್ಕೆ ಮುಖ ಮಾಡಿದ ಬದಿಗೆ ಹಿಡಿದು ನಮ್ಮನ್ನೂ ಬಗ್ಗಿ ನೋಡುವಂತೆ ಹೇಳಿದರು. ಅಲ್ಲಿ ತಗಡು ಜರಡಿಯಂತಾಗಿತ್ತು. ಅದರ ನೇರಕ್ಕೆ ಕಾರಿನ ನೆಲಕ್ಕೆಲ್ಲ ಕರಿ ಹತ್ತಿತ್ತು. ನೆಲದ ರಂಧ್ರವೊಂದನ್ನು ಮುಚ್ಚಿದ್ದ ರಬ್ಬರಿನ ಬಿರಡೆ ಎಂದೋ ಬಿದ್ದುಹೋಗಿತ್ತು.

"ಮುತ್ಯಾರ, ಕೆಳಗಿನ ತೂತಿಗಿ ತೇಪಿ ಹಚ್ಯಾರ. ಮ್ಯಾಲಿಂದು ಯಾರೂ ನೋಡಿಲ್ಲ. ಸಪ್ಪಳ ಬಂದ್ ಆಗ್ಯಾದ, ಹೊಗಿ ಬಂದ್ ಆಗಿಲ್ರಿ."

ನಾವು ಅನೇಕ ವ್ಯಾಖ್ಯಾನಗಳನ್ನು ಕೇಳಿದ್ದೇವೆ, ಕೆಲವನ್ನು ಬರೆದೂ ಇದ್ದೇವೆ. ನಮ್ಮ ಅಜ್ಞಾನವನ್ನು ಇಷ್ಟು ಚಿಕ್ಕ ಮಾತಿನಲ್ಲಿ ಯಾರೂ ಬಿಡಿಸಿ ತೋರಿಸಿರಲಿಲ್ಲ. ಮುಂದೆ ಆ ಮಿಸ್ತ್ರಿಯಿಂದಲೂ, ರಸಾಯನಶಾಸ್ತ್ರ ಬೋಧಿಸುವ ಮಿತ್ರರೊಬ್ಬರಿಂದಲೂ ಕೇಳಿ ತಿಳಿದುದನ್ನು ಇಲ್ಲಿ ನಿರೂಪಿಸುತ್ತೇವೆ.

ಹೊಗೆಕೊಳವೆಯ ಕೆಲಸ

ಸೈಲೆನ್ಸರೆಂದರೆ ಸದ್ದು ತಗ್ಗಿಸುವ ಡಬ್ಬಿಯೆಂದಷ್ಟೇ ನಮ್ಮಲ್ಲಿ ಬಹುಮಂದಿಯ ಭಾವನೆ. ವಾಸ್ತವದಲ್ಲಿ ಅದು ಉದ್ದವಾದ ಒಂದು ದಾರಿಯ ಕೊನೆಯ ಭಾಗ. ಎಂಜಿನ್ನಿನ ಸಿಲಿಂಡರುಗಳಿಂದ ಹೊರಬಿದ್ದ ಉರಿಗಾಳಿ ಮೊದಲು ಬೀಡುಕಬ್ಬಿಣದ ಕವಲುಕೊಳವೆಯಲ್ಲಿ ಕೂಡಿ ಒಂದಾಗುತ್ತದೆ. ಇದಕ್ಕೆ ಮಿಸ್ತ್ರಿಗಳು ಮ್ಯಾನಿಫೋಲ್ಡ್ ಎನ್ನುತ್ತಾರೆ. ಅಲ್ಲಿಂದ ಮುಂಗೊಳವೆ, ಅನಂತರ ವಿಷಾನಿಲಗಳನ್ನು ಶೋಧಿಸುವ ಕ್ಯಾಟಲಿಟಿಕ್ ಕನ್ವರ್ಟರ್, ಅದರ ಹಿಂದೆ ಸೈಲೆನ್ಸರ್, ಕಡೆಯಲ್ಲಿ ಬಾಲಗೊಳವೆ. ಇವುಗಳ ಸಂದುಗಳಲ್ಲಿ ಶಾಖ ತಾಳುವ ಪ್ಯಾಕಿಂಗುಗಳಿರುತ್ತವೆ. ಇಡೀ ಕೊಳವೆಯನ್ನು ಕಾರಿನ ನೆಲಕ್ಕೆ ತಗಲದಂತೆ ರಬ್ಬರಿನ ತೂಗುಬಳೆಗಳು ಹೊತ್ತಿರುತ್ತವೆ. ಎಂಜಿನ್ ಅಲುಗಿದಂತೆ ಕೊಳವೆಯೂ ಅಲುಗಬೇಕಾದ್ದರಿಂದ ಅದನ್ನು ಬಿಗಿಯಾಗಿ ಕಟ್ಟುವಂತಿಲ್ಲ.

ನಮ್ಮ ಮೂರು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 75 ಬಾರಿ ಒಳಗೆ ಸ್ಫೋಟವಾಗುತ್ತದೆ. ಆ ಎಪ್ಪತ್ತೈದು ಏಟುಗಳೂ ಕೊಳವೆಯೊಳಗೆ ಅಲೆಗಳಾಗಿ ನುಗ್ಗುತ್ತವೆ. ಸೈಲೆನ್ಸರಿನ ಒಳಗೆ ಕೋಣೆಗಳೂ, ತೂತುಗಳುಳ್ಳ ಕಿರುಗೊಳವೆಗಳೂ ಇರುತ್ತವೆ. ಅಲೆಗಳು ಗೋಡೆಗೆ ಬಡಿದು ಹಿಂದಿರುಗಿ, ಎದುರಾಗಿ ಬರುವ ಅಲೆಗಳನ್ನು ತಾಕಿ, ಒಂದನ್ನೊಂದು ಅಡಗಿಸುತ್ತವೆ. ಗದ್ದಲ ತಗ್ಗುವುದು ಹೀಗೆ.

ಕ್ಯಾಟಲಿಟಿಕ್ ಕನ್ವರ್ಟರಿನ ಕೆಲಸ ಇನ್ನೂ ಸೂಕ್ಷ್ಮ. ಜೇನುಗೂಡಿನಂತಹ ಪಿಂಗಾಣಿಯ ಕಣ್ಣುಗಳಿಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಬೆಲೆಯುಳ್ಳ ಲೋಹಗಳ ಲೇಪವಿರುತ್ತದೆ. ಅವುಗಳ ಸಂಗದಲ್ಲಿ ಕಾರ್ಬನ್ ಮಾನಾಕ್ಸೈಡ್, ಉರಿಯದುಳಿದ ಪೆಟ್ರೋಲಿನ ಆವಿ, ಸಾರಜನಕದ ಆಕ್ಸೈಡುಗಳು ನಿರುಪದ್ರವಿಗಳಾಗುತ್ತವೆ. ನಮ್ಮ ದೇಶದ ನಾಲ್ಕು ಮಹಾನಗರಗಳಲ್ಲಿ 1995ರಿಂದ ಹೊಸ ಪೆಟ್ರೋಲ್ ಕಾರುಗಳಿಗೆ ಇದು ಕಡ್ಡಾಯವಾಯಿತು. ಸೀಸ ಬೆರೆತ ಪೆಟ್ರೋಲು ಈ ಲೇಪವನ್ನು ಕೆಡಿಸುವುದರಿಂದ ಸೀಸರಹಿತ ಪೆಟ್ರೋಲೂ ಅದರ ಜತೆಗೇ ಬಂತು. 2000ದ ಹೊತ್ತಿಗೆ ದೇಶಕ್ಕೆಲ್ಲ ಹಬ್ಬಿತು. ಆದರೆ ಚೆನ್ನಾಗಿ ಕಾದ ಮೇಲೆಯೇ ಕನ್ವರ್ಟರಿಗೆ ಜೀವ ಬರುವುದು. ಬೆಳಗಿನ ತಣ್ಣನೆಯ ಎಂಜಿನ್ನಿನಿಂದ ಮೊದಲ ಕೆಲವು ನಿಮಿಷ ಹೊರಡುವ ಹೊಗೆಯಲ್ಲಿ ವಿಷದ ಪಾಲು ಹೆಚ್ಚು.

ಒಳಗಿನಿಂದ ತಿನ್ನುವ ಜಂಗು

ಸಮುದ್ರವಿಲ್ಲದ, ಬಿಸಿಲಿಗೆ ಹೆಸರಾದ ನಮ್ಮ ನಾಡಿನಲ್ಲಿ ಕಬ್ಬಿಣಕ್ಕೆ ಇಷ್ಟು ಜಂಗು ಎಲ್ಲಿಂದ ಬಂತೆಂದು ನಾವು ಬೆರಗಾದೆವು. ಮಿತ್ರರು ಹೇಳಿದ ಲೆಕ್ಕ ನಮ್ಮ ಬೆರಗನ್ನು ಇಮ್ಮಡಿಸಿತು. ಒಂದು ಲೀಟರು ಪೆಟ್ರೋಲು ಉರಿದರೆ ಸರಿಸುಮಾರು ಒಂದು ಲೀಟರಿನಷ್ಟು ನೀರು ಹುಟ್ಟುತ್ತದೆ! ಪೆಟ್ರೋಲಿನಲ್ಲಿರುವ ಜಲಜನಕವು ಗಾಳಿಯ ಆಮ್ಲಜನಕದೊಡನೆ ಕೂಡಿ ನೀರಾವಿಯಾಗಿ ಕೊಳವೆಯ ದಾರಿಯಲ್ಲೇ ಹೊರಬೀಳಬೇಕು. ದೂರದ ಪ್ರಯಾಣದಲ್ಲಿ ಕೊಳವೆ ಕಡೆಯವರೆಗೂ ಕಾಯುವುದರಿಂದ ಆವಿ ಆವಿಯಾಗಿಯೇ ಹೋಗುತ್ತದೆ. ಒಂದೆರಡು ಕಿಲೋಮೀಟರಿನ ಓಡಾಟದಲ್ಲಿ ಹಿಂಬದಿಯ ಸೈಲೆನ್ಸರು ಕಾಯುವುದೇ ಇಲ್ಲ. ಆವಿ ತಣಿದು ನೀರಾಗಿ ಒಳಗೇ ನಿಲ್ಲುತ್ತದೆ. ಹೊಗೆಯಲ್ಲಿನ ಆಮ್ಲಾಂಶಗಳು ಆ ನೀರಿನಲ್ಲಿ ಬೆರೆತು ತಗಡನ್ನು ಒಳಗಿನಿಂದ ತಿನ್ನುತ್ತವೆ. ಎಂಜಿನ್ನಿಗೆ ಹತ್ತಿರದ ಭಾಗ ಉಳಿದು, ದೂರದ ಸೈಲೆನ್ಸರು ಮೊದಲು ಕೊಳೆಯುವುದಕ್ಕೆ ಇದೇ ಕಾರಣ.

ಹೊರಗಿನ ಶತ್ರುಗಳೂ ಇಲ್ಲದಿಲ್ಲ. ನಮ್ಮ ಎರೆಮಣ್ಣಿನ ಗುಣ ಎಲ್ಲರೂ ಬಲ್ಲದ್ದೇ. ಮಳೆಗಾಲದಲ್ಲಿ ಹೊಲದ ದಾರಿ ಹಿಡಿದು ಬಂದರೆ ಮಣ್ಣು ಕೊಳವೆಯ ಮೇಲೆ, ತೂಗುಬಳೆಗಳ ಸಂದಿನಲ್ಲಿ ಮೆತ್ತಿಕೊಂಡು ದಿನಗಟ್ಟಲೆ ಹಸಿಯಾಗಿಯೇ ಇರುತ್ತದೆ. ಊರೊಳಗಿನ ಎತ್ತರದ ರಸ್ತೆ ಉಬ್ಬುಗಳು ಸೈಲೆನ್ಸರಿನ ಹೊಟ್ಟೆಯನ್ನು ಕೆರೆಯುತ್ತವೆ. ಹೊರಗಿನ ಪೆಟ್ಟು ಕಣ್ಣಿಗೆ ಕಾಣುತ್ತದೆ. ಒಳಗಿನ ಜಂಗಾದರೋ ತೂತು ಬೀಳುವ ದಿನದವರೆಗೆ ಸುಳಿವು ಕೊಡುವುದಿಲ್ಲ. ಅಷ್ಟರಲ್ಲಿ ಸುತ್ತಲಿನ ತಗಡೆಲ್ಲ ಹಪ್ಪಳದಂತೆ ತೆಳುವಾಗಿರುತ್ತದೆ. ಅದರ ಮೇಲೆ ಹಾಕಿದ ಬೆಸುಗೆ ನಿಲ್ಲುವುದಾದರೂ ಹೇಗೆ? ಗಟ್ಟಿಯಾದ ಕೊಳವೆಯ ಬೆಸುಗೆ ಬಿಟ್ಟಿದ್ದರೆ ಮತ್ತೆ ಬೆಸೆಯುವುದು ಯುಕ್ತ. ಕೊಳೆತ ಕೊಳವೆಗೆ ತೇಪೆ ಹಾಕುವುದು ಹಣಕ್ಕೂ ನಷ್ಟ, ಪ್ರಾಣಕ್ಕೂ ಅಪಾಯ. ನಮ್ಮ ಎರಡು ತೇಪೆಗಳ ಖರ್ಚನ್ನು ಮೊದಲೇ ಕೂಡಿಟ್ಟಿದ್ದರೆ ಹೊಸ ಸೈಲೆನ್ಸರಿನ ಬೆಲೆಯಲ್ಲಿ ಒಂದು ಪಾಲು ಆಗುತ್ತಿತ್ತು.

ಕಣ್ಣಿಗೆ ಕಾಣದ ವಿಷ

ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕಣ್ಣು ಮೂಗುಗಳನ್ನು ಉರಿಸುವುದೂ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊರುವುದಷ್ಟೆ. ಈ ಅನಿಲವು ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕ ಬಲದಿಂದ ಅಂಟಿಕೊಳ್ಳುತ್ತದೆ. ಹೀಗಾಗಿ ಗಾಳಿಯಲ್ಲಿ ಅದು ಅತ್ಯಲ್ಪವಿದ್ದರೂ ಹೊತ್ತು ಕಳೆದಂತೆ ರಕ್ತದಲ್ಲಿ ಕೂಡುತ್ತ ಹೋಗಿ, ಉಸಿರಾಡುತ್ತಿದ್ದರೂ ದೇಹ ಆಮ್ಲಜನಕಕ್ಕಾಗಿ ಹಸಿಯುತ್ತದೆ. ಮೊದಲು ತಲೆನೋವು, ತಲೆ ಸುತ್ತು, ಹೊಟ್ಟೆ ತೊಳೆಸುವಿಕೆ, ನಿಶ್ಶಕ್ತಿ. ಹೆಚ್ಚಿದರೆ ಬುದ್ಧಿಗೆ ಮಂಕು, ಪ್ರಜ್ಞಾಹೀನತೆ, ಮರಣ. ಮಕ್ಕಳು, ಬಸುರಿಯರು ಮತ್ತು ಗರ್ಭಸ್ಥ ಶಿಶು, ಹೃದ್ರೋಗಿಗಳು, ರಕ್ತಹೀನತೆಯುಳ್ಳವರು, ವೃದ್ಧರು ಇದಕ್ಕೆ ಬೇಗ ಈಡಾಗುತ್ತಾರೆ.

ಸಾಮಾನ್ಯ ಪಿತ್ತಕ್ಕೂ ಇದಕ್ಕೂ ಭೇದವನ್ನು ಗುರುತಿಸುವುದು ಅಗತ್ಯ. ಜ್ವರವಿಲ್ಲದ ತಲೆನೋವು, ಒಂದೇ ವಾಹನದಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಒಂದೇ ಬಗೆಯ ಅಸ್ವಸ್ಥತೆ, ಬಸ್ಸಿನಲ್ಲಿ ಬಾರದ ತೊಂದರೆ ಸ್ವಂತ ಕಾರಿನಲ್ಲಿ ಮಾತ್ರ ಬರುವುದು, ಬಯಲಿಗೆ ಬಂದೊಡನೆ ಚೇತರಿಕೆ: ಇವು ಕಂಡರೆ ಹೊಗೆಕೊಳವೆಯನ್ನೇ ಮೊದಲು ಶಂಕಿಸಬೇಕು. ಇವೆಲ್ಲವೂ ನಮ್ಮ ಕಣ್ಣೆದುರೇ ಇದ್ದವು. ಬಸ್ಸಿನಲ್ಲಿ ಬರುತ್ತೇನೆಂದ ಮಗು ತನ್ನ ರೋಗವನ್ನು ತಾನೇ ಗುರುತಿಸಿತ್ತು. ಓದಿದ ನಮಗೆ ಅದು ತಿಳಿಯಲಿಲ್ಲ.

ಹಿಂದೆ ಕೂತವರಿಗೇ ಏಕೆ ತೊಂದರೆ? ಓಡುವ ಕಾರಿನ ಬೆನ್ನ ಹಿಂದೆ ಗಾಳಿಯ ಒತ್ತಡ ತಗ್ಗಿ, ಹೊಗೆ ಅಲ್ಲಿಯೇ ಸುಳಿಯುತ್ತದೆ. ಹಿಂಬಾಗಿಲ ರಬ್ಬರು ಒಣಗಿ ಸೀಳಿದ್ದರೆ, ನೆಲದ ಬಿರಡೆ ಬಿದ್ದಿದ್ದರೆ, ಅದು ಒಳಗೆ ನುಸುಳುತ್ತದೆ. ಗಾಜುಗಳೆಲ್ಲ ಏರಿದ್ದರೆ ಹೊರಹೋಗುವ ದಾರಿಯಿಲ್ಲ. ಏಸಿ ಇದ್ದು, ಒಳಗಿನ ಗಾಳಿಯನ್ನೇ ತಿರುಗಿಸುವ ಗುಂಡಿ ಒತ್ತಿದ್ದರೆ ವಿಷ ಕೂಡುತ್ತಲೇ ಹೋಗುತ್ತದೆ. ಹೊಗೆಯ ವಾಸನೆ ಬಂದರೆ ಅನುಮಾನಿಸಬೇಕು. ವಾಸನೆ ಬಾರದಿದ್ದರೂ ನಿಶ್ಚಿಂತೆ ಕೂಡದು.

ಮಾಲಿನ್ಯ ಪ್ರಮಾಣಪತ್ರ ನಮ್ಮಲ್ಲಿ ಇರಲಿಲ್ಲವೇ ಎಂದು ಕೇಳಬಹುದು. ಇತ್ತು. ಭಾರತ್ ಸ್ಟೇಜ್ 2ರ ನಮ್ಮಂತಹ ಪೆಟ್ರೋಲ್ ಕಾರಿನ ಹೊಗೆಯಲ್ಲಿ, ಎಂಜಿನ್ ನಿಂತಲ್ಲೇ ಓಡುವಾಗ, ಕಾರ್ಬನ್ ಮಾನಾಕ್ಸೈಡು ಶೇಕಡಾ 0.5ನ್ನು ಮೀರಕೂಡದೆಂಬುದು ನಿಯಮ. ಆದರೆ ಆ ಯಂತ್ರದ ನಳಿಗೆ ಕೊಳವೆಯ ತುದಿಯಲ್ಲಿ ಹೊರಬರುವುದನ್ನಷ್ಟೇ ಅಳೆಯುತ್ತದೆ. ನಡುದಾರಿಯಲ್ಲಿ ಸೋರಿಹೋದುದನ್ನು ಅದು ಕಾಣಲಾರದು. ಪ್ರಮಾಣಪತ್ರ ಬೇಕು; ಅದೇ ಸಾಕೆನ್ನುವಂತಿಲ್ಲ.

ಬದಲಿಸಿದ ಬಗೆ

ಮಿಸ್ತ್ರಿಯ ಸಲಹೆಯಂತೆ ಕಾರನ್ನು ಅಲ್ಲಿಯೇ ಬಿಟ್ಟು ಬಸ್ಸಿನಲ್ಲಿ ಊರಿಗೆ ಮರಳಿದೆವು. ಜಂಗು ಹಿಡಿದ ಬೋಲ್ಟುಗಳಿಗೆ ಅಂದು ಸಂಜೆಯೇ ಜಂಗು ಸಡಿಲಿಸುವ ಎಣ್ಣೆ ಬಿಟ್ಟು ರಾತ್ರಿಯೆಲ್ಲ ನೆನೆಸಿದರು. ಮರುದಿನ ನಾವು ಹೋಗಿ ನಿಂತು ನೋಡಿದೆವು. ಅವಸರದಿಂದ ತಿರುವಿದರೆ ಬೋಲ್ಟಿನ ತಲೆ ಮುರಿದು ಕೆಲಸ ದುಪ್ಪಟ್ಟಾಗುತ್ತದೆಂದು, ಸ್ವಲ್ಪ ಬಿಗಿಸಿ ಸ್ವಲ್ಪ ಸಡಿಲಿಸಿ, ಮತ್ತೆ ಎಣ್ಣೆ ಬಿಟ್ಟು, ತಾಳ್ಮೆಯಿಂದ ಬಿಚ್ಚಿದರು. ಎರಡು ಬೋಲ್ಟುಗಳಂತೂ ಯಾವುದಕ್ಕೂ ಜಗ್ಗದೆ ಕೊಯ್ಯಬೇಕಾಯಿತು.

ಕೆಳಗಿಳಿಸಿದ ಸೈಲೆನ್ಸರನ್ನು ಅಲುಗಿಸಿದರೆ ಒಳಗೆ ಗಲಗಲವೆಂದಿತು. ಕೋಣೆಯ ಗೋಡೆಗಳು ಕಳಚಿಬಿದ್ದಿದ್ದವು. ಓರೆ ಮಾಡಿದರೆ ಕೆಂಪು ನೀರು ಸುರಿಯಿತು. ಮುಂಗೊಳವೆಯನ್ನು ಪಾನಾದಿಂದ ತಟ್ಟಿ ನೋಡಿದರು. ಗಟ್ಟಿ ಲೋಹ ಖಣಿಲೆನ್ನುತ್ತದೆ, ಕೊಳೆತದ್ದು ಬೊದ್ದೆನ್ನುತ್ತದೆ. ಮುಂಗೊಳವೆ ಗಟ್ಟಿಯಿತ್ತು, ಕನ್ವರ್ಟರೂ ಸರಿಯಿತ್ತು. ಆದ್ದರಿಂದ ಸೈಲೆನ್ಸರು, ಬಾಲಗೊಳವೆ, ಸಂದುಗಳ ಪ್ಯಾಕಿಂಗುಗಳು, ಬೋಲ್ಟುಗಳು ಮತ್ತು ತೂಗುಬಳೆಗಳನ್ನಷ್ಟೇ ಹೊಸದಾಗಿ ತರಿಸಿದೆವು. ಹಳೆಯ ಪ್ಯಾಕಿಂಗನ್ನೇ ಮತ್ತೆ ಹಾಕಿದರೆ ಹೊಸ ಕೊಳವೆಯೂ ಸೋರುತ್ತದೆ. ಹಳೆಯ ರಬ್ಬರನ್ನೇ ಉಳಿಸಿದರೆ ಅದು ಹರಿದು, ಹೊಸ ಕೊಳವೆಯ ಭಾರವೆಲ್ಲ ಒಂದೇ ಸಂದಿನ ಮೇಲೆ ಬಿದ್ದು ಅದು ಮುರಿಯುತ್ತದೆ.

ಜೋಡಿಸುವಾಗ ಅವರು ಮೊದಲು ಎಲ್ಲವನ್ನೂ ಸಡಿಲವಾಗಿ ತೂಗುಹಾಕಿದರು. ಕೊಳವೆ ನೆಲಕ್ಕೆ, ಪೆಟ್ರೋಲ್ ನಳಿಕೆಗೆ, ಹ್ಯಾಂಡ್‌ಬ್ರೇಕಿನ ತಂತಿಗೆ ತಗಲುತ್ತಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಎಂಜಿನ್ನಿನ ಕಡೆಯಿಂದ ಹಿಂದಕ್ಕೆ ಒಂದೊಂದಾಗಿ ಬಿಗಿದರು. ನೆಲದ ರಂಧ್ರಕ್ಕೆ ಹೊಸ ಬಿರಡೆ, ಹಿಂಬಾಗಿಲಿಗೆ ಹೊಸ ರಬ್ಬರು ಬಂದವು. ಕಡೆಗೆ ಎಂಜಿನ್ ಹಚ್ಚಿ, ದಪ್ಪ ಒದ್ದೆ ಬಟ್ಟೆಯಿಂದ ಬಾಲಗೊಳವೆಯ ಬಾಯನ್ನು ಕ್ಷಣಕಾಲ ಒತ್ತಿಹಿಡಿಸಿ, ಪ್ರತಿ ಸಂದಿನ ಬಳಿ ಕಿವಿಗೊಟ್ಟರು. ಎಲ್ಲಿಯೂ ಉಸ್ಸೆನ್ನಲಿಲ್ಲ. ಹೊಸ ಲೋಹಕ್ಕೆ ಸವರಿದ ಎಣ್ಣೆ ಸುಟ್ಟು ಮೊದಲ ದಿನ ಸ್ವಲ್ಪ ಕಮಟು ವಾಸನೆ ಬರುವುದೆಂದೂ, ಕೆಲವು ದಿನ ಓಡಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಸಬೇಕೆಂದೂ ಹೇಳಿ ಕಳುಹಿದರು. ಕೆಲಸವನ್ನು ಕಣ್ಣಿಗೆ ಕಾಣುವಷ್ಟಕ್ಕೆ ಮುಗಿಸದೆ, ಕಾಣದ ಬದಿಯನ್ನೂ ನೋಡುವ ಇಂತಹವರ ದುಡಿಮೆಯೇ ಕಾಯಕವೆಂಬ ಹೆಸರಿಗೆ ತಕ್ಕದ್ದು.

ಗೃಹಸ್ಥರಿಗೆ ಕೆಲವು ಸೂಚನೆಗಳು

ವರ್ಷಕ್ಕೆರಡು ಬಾರಿ, ಮಳೆಗಾಲದ ಮುಂಚೆ ಮತ್ತು ಅನಂತರ, ಕಾರನ್ನೆತ್ತಿಸಿ ಕೊಳವೆಯ ಮೇಲ್ಬದಿಯನ್ನೂ ಕನ್ನಡಿ ಹಿಡಿದು ನೋಡಿಸಿರಿ. ಸಂದುಗಳ ಬಳಿ ಕರಿ ಹತ್ತಿದ್ದರೆ ಅಲ್ಲಿ ಸೋರಿಕೆಯಿದೆಯೆಂದೇ ಅರ್ಥ. ಕೆಲವು ಸೈಲೆನ್ಸರುಗಳ ತಳದಲ್ಲಿ ನೀರು ಇಳಿಯಲೆಂದು ತಯಾರಕರೇ ಬಿಟ್ಟ ಸೂಜಿಗಾತ್ರದ ರಂಧ್ರವಿರುತ್ತದೆ. ಅದನ್ನು ತೂತೆಂದು ಮುಚ್ಚಿಸಬಾರದು. ದಿನವೂ ಸಣ್ಣ ಓಡಾಟವೇ ಇದ್ದಲ್ಲಿ, ಆಗಾಗ ಅರ್ಧ ಗಂಟೆಗೆ ಮೀರಿದ ಪ್ರಯಾಣ ಮಾಡಿದರೆ ಒಳಗಿನ ನೀರು ಆರುತ್ತದೆ.

ಹೊಸ ಸೈಲೆನ್ಸರು ಕೊಳ್ಳುವಾಗ ಅಗ್ಗದ ತೆಳು ತಗಡಿಗೆ ಮರುಳಾಗದೆ, ಅಲ್ಯೂಮಿನಿಯಂ ಲೇಪಿತ ಉಕ್ಕಿನದೋ ತಯಾರಕರ ಅಧಿಕೃತ ಬಿಡಿಭಾಗವೋ ಆಗಿರುವಂತೆ ನೋಡಿರಿ, ರಸೀದಿ ಪಡೆಯಿರಿ. ಕನ್ವರ್ಟರನ್ನು ತೆಗೆದು ಬರಿಯ ಕೊಳವೆ ಹಾಕಿಕೊಡುತ್ತೇವೆ, ಮೈಲೇಜು ಹೆಚ್ಚುತ್ತದೆ ಎನ್ನುವವರನ್ನು ನಂಬಬೇಡಿರಿ. ಅದರೊಳಗಿನ ಲೋಹಗಳಿಗೆ ಬೆಲೆಯಿದೆ. ಹಾಗೆ ತೆಗೆಸುವುದು ಮೋಟಾರು ವಾಹನ ಕಾಯ್ದೆಗೂ ವಿರುದ್ಧ. ಕೆಟ್ಟದ್ದೆಂದು ಬದಲಿಸಿದರೆ ಹಳೆಯದನ್ನು ಕೇಳಿ ಪಡೆಯಿರಿ.

ಕೈಯಾರೆ ಕಾರಿನ ಕೆಳಗೆ ನುಸುಳುವ ಉತ್ಸಾಹಿ ತರುಣರಿಗೆ ಒಂದು ಮಾತು. ಬರಿಯ ಜಾಕನ್ನು ನಂಬಿ, ಇಲ್ಲವೇ ಕಲ್ಲು ಇಟ್ಟಿಗೆಗಳ ಆಸರೆಯಲ್ಲಿ ಎತ್ತಿದ ಕಾರಿನ ಅಡಿಗೆ ಯಾರೂ ಹೋಗಕೂಡದು. ಸಮನಾದ ಗಟ್ಟಿ ನೆಲ, ಗಾಲಿಗಳಿಗೆ ಅಡ್ಡಗಟ್ಟೆ, ಭಾರ ಹೊರುವ ಸ್ಟ್ಯಾಂಡು ಇವಿಲ್ಲದಿದ್ದರೆ ಗ್ಯಾರೇಜೇ ಲೇಸು. ಕೊಳವೆ ಸಂಪೂರ್ಣ ತಣಿದಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ರಾಶಿಯ ಕಾಲದಲ್ಲಿ ನಮ್ಮ ರಸ್ತೆಗಳ ಮೇಲೆ ಬೆಳೆಯನ್ನು ಹರವುವ ರೂಢಿಯಿದೆ. ಒಣಗಿದ ತೊಗರಿ ಹೊಟ್ಟು, ಜೋಳದ ಕಣಿಕೆ ಕಾದ ಕೊಳವೆಗೆ ಸುತ್ತಿಕೊಂಡರೆ ಬೆಂಕಿ ಹತ್ತಬಹುದು. ಅಂತಹ ಕಡೆ ಹಾದು ಬಂದರೆ ಇಳಿದು ಬಗ್ಗಿ ನೋಡಿರಿ. ಒಣಹುಲ್ಲಿನ ಮೇಲೆ ಕಾರು ನಿಲ್ಲಿಸಬೇಡಿರಿ.

ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಹಚ್ಚಿಟ್ಟು ನಿಲ್ಲಬೇಡಿರಿ. ಜಾತ್ರೆ, ಆಸ್ಪತ್ರೆಗಳ ಬಳಿ ಗಾಜೇರಿಸಿ ಎಂಜಿನ್ ಓಡುತ್ತಿರುವಂತೆಯೇ ಕಾರಿನಲ್ಲಿ ನಿದ್ರಿಸುವುದು ಸುಸ್ಥಿತಿಯ ವಾಹನದಲ್ಲೂ ಅಪಾಯ. ಯಾರಿಗಾದರೂ ಮೇಲೆ ಹೇಳಿದ ಲಕ್ಷಣ ಕಂಡರೆ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರನ್ನೂ ಬಯಲ ಗಾಳಿಗೆ ಕರೆತನ್ನಿರಿ. ಮಂಕು ಕವಿದಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ, ಹೊಗೆಯ ಶಂಕೆಯನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಿರಿ. ಆಮ್ಲಜನಕವೇ ಇದಕ್ಕೆ ಔಷಧ.

ಹಳೆಯ ವಾಹನವನ್ನು ಇಟ್ಟುಕೊಳ್ಳುವುದು ತಪ್ಪಲ್ಲ. ಬಡತನಕ್ಕೋ ಮಮತೆಗೋ ಇಟ್ಟುಕೊಂಡವರು ಅದರ ಹೊಣೆಯನ್ನೂ ಇಟ್ಟುಕೊಳ್ಳಬೇಕು. ಕೊಳವೆಯಷ್ಟೇ ಅಲ್ಲ, ಕಾರಿನ ನೆಲವೇ ಜಂಗಿಗೆ ತುತ್ತಾಗಿದ್ದರೆ ಮಮತೆಯನ್ನು ಬಿಟ್ಟು ಅದನ್ನು ಕಳುಹಿಸಿಕೊಡುವುದೇ ವಿವೇಕ.

ಮುಂದಿನ ಭಾನುವಾರ ಮಗುವನ್ನು ಕರೆದೆವು. ಅವಳು ಕಾರಿನ ಬಾಗಿಲ ಬಳಿ ತುಸು ಹೊತ್ತು ನಿಂತಳು. "ತಪ್ಪಾಯಿತವ್ವಾ, ಅಂದು ನಿನ್ನ ಮಾತು ಕೇಳಬೇಕಾಗಿತ್ತು" ಎಂದೆವು. ಆ ದಿನ ಗಾಜುಗಳೆಲ್ಲ ಇಳಿದಿದ್ದವು. ಕಲಬುರಗಿಯ ಬಸ್ ನಿಲ್ದಾಣ ದಾಟುವವರೆಗೆ ಹಿಂದಿನ ಆಸನದಿಂದ ಹಾಡಿನ ಅಭ್ಯಾಸ ಕೇಳಿಬರುತ್ತಲೇ ಇತ್ತು. ಇಳಿಯುವಾಗ ಅವಳು ಹೇಳಿದ್ದಿಷ್ಟೆ: "ನಾ ಮೊದಲೇ ಹೇಳಿದ್ನಲ್ಲ, ಮುತ್ಯಾ!"

ಹೇಳಿದ್ದಳು, ನಿಜ. ಬಂಧುಗಳೇ, ಹಳೆಯ ಕಾರು ಗುಡುಗಿದರೆ ಕಿವಿಗೊಡಿರಿ. ಅದರೊಳಗಿನ ಮಗು ತಲೆನೋವೆಂದರೆ ಇನ್ನೂ ಬೇಗ ಕಿವಿಗೊಡಿರಿ.